ಪಾಳಿಯಲ್ಲಿ ನೀಲವ್ವನ ಡಬ್ಬಿ

ನೀಲವ್ವನ ಧ್ವನಿ ಸಂದೇಶ ಬಂದರೆ ಫೋನನ್ನು ಕಿವಿಗೆ ಹಿಡಿಯುವಂತಿರಲಿಲ್ಲ. ತೋಳು ಪೂರ್ತಿ ಚಾಚಿ, ಮುಖ ಆಚೆ ತಿರುಗಿಸಿ, ಅಷ್ಟು ದೂರದಿಂದ ಕೇಳಬೇಕಿತ್ತು. ಆಕೆ ತಿಕೋಟಾದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ ಹೆಂಗಸು. ಮದುವೆಯಾಗಿ ಬಂದಾಗಿನಿಂದ ಗಿರಣಿಯ ಪಕ್ಕದಲ್ಲೇ ಕೂತು ಮಾತಾಡಿದವಳು. ಯಂತ್ರದ ಸದ್ದನ್ನು ಮೀರಿ ಕೇಳಿಸಲೆಂದು ಏರಿಸಿದ ದನಿ ಯಂತ್ರ ನಿಂತ ಮೇಲೂ ಕೆಳಗಿಳಿಯಲಿಲ್ಲ. ದೇವರ ಮುಂದೆ ಕೈಮುಗಿದು ಬೇಡಿಕೊಳ್ಳುವಾಗಲೂ ಅದೇ ದನಿ ಎಂದು ಆಕೆಯ ಸೊಸೆ ಕಸ್ತೂರಿ ಹೇಳುತ್ತಿದ್ದಳು.

ನಾನು ವಿಜಯಪುರದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವನು. ಒಂದು ದಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ಉತ್ತರ ಪತ್ರಿಕೆ ತಿದ್ದುತ್ತ ತೆಪ್ಪಗೆ ಕೂತಿದ್ದಾಗ ನನ್ನ ಬೆರಳು ತಪ್ಪಿ ಫೋನಿಗೆ ತಾಗಿ ನೀಲವ್ವ ಶುರುವಾದಳು. "ಪ್ರಕಾಶಾ! ನಿನ್ನ ಎಮ್ಮಿಗೆ ಬುದ್ಧಿ ಐತೇನೋ ಇಲ್ಲೋ? ಜ್ವಾಳದ ಹೊಲದಾಗ ನಟ್ಟನಡುವ ಹಾದು ಹೋಗ್ತೈತಿ, ಒಂದ ಎಲಿಗೂ ಬಾಯಿ ಹಾಕಂಗಿಲ್ಲ! ಅದೇನು ಎಮ್ಮಿನೋ, ಸನ್ಯಾಸಿನೋ?" ನಾನು ಅದನ್ನು ನಿಲ್ಲಿಸುವಷ್ಟರಲ್ಲಿ ಇಡೀ ಕೋಣೆ ನನ್ನತ್ತ ತಿರುಗಿತ್ತು. ನಮ್ಮ ವಿಭಾಗದ ಮುಖ್ಯಸ್ಥರು ಕನ್ನಡಕ ಮೂಗಿನ ತುದಿಗೆ ಇಳಿಸಿ, "ಎಮ್ಮಿ ಯಾವಾಗ ತಂದ್ರಿ ಸರ? ಹಾಲು ಹೆಂಗ ಕೊಡ್ತೀರಿ?" ಎಂದು ಕೇಳಿದರು. ಅಂದಿನಿಂದ ಆ ಕೋಣೆಯಲ್ಲಿ ನನಗೆ ಎಮ್ಮಿ ಸರ ಎಂಬ ಹೆಸರು ಖಾಯಂ ಆಯಿತು.

ಎಮ್ಮೆ ನಿಜವಾದದ್ದಲ್ಲ, ಒಂದು ಕಂಪ್ಯೂಟರ್ ಆಟದ್ದು. ಆ ಆಟದ ಲೋಕದಲ್ಲಿ ಎಲ್ಲವೂ ಚೌಕ ತುಂಡುಗಳು: ಮಣ್ಣು, ಕಲ್ಲು, ಮರ, ಮೋಡ, ದನ ಸಹ. ಆಡುವವರು ಅಗೆಯಬಹುದು, ಕಟ್ಟಬಹುದು, ಬಿತ್ತಬಹುದು. ಗೆಲ್ಲುವುದು, ಸೋಲುವುದು ಎಂಬುದಿಲ್ಲ. ಅದರ ಬಾಗಿಲು ಯಾರಿಗೂ ತೆರೆದೇ ಇರುತ್ತದೆ. ಪ್ರೋಗ್ರಾಂ ಬರೆಯಲು ಬಂದವರು ತಮಗೆ ಬೇಕಾದ್ದನ್ನು ಬರೆದು ಸೇರಿಸಬಹುದು. ಅಂಥ ಸೇರ್ಪಡೆಗೆ ಮಾಡ್ ಎನ್ನುತ್ತಾರೆ. ನಾನು ಹುಮ್ಮಸ್ಸಿನಲ್ಲಿ ಅದರೊಳಗೆ ನಮ್ಮ ಕಡೆಯ ಕರಿ ಎರಿಮಣ್ಣು, ಜೋಳ, ಸಜ್ಜೆ, ದ್ರಾಕ್ಷಿ ಚಪ್ಪರ ಎಲ್ಲ ಸೇರಿಸಿ 'ಎರಿಭೂಮಿ' ಎಂದು ಹೆಸರಿಟ್ಟು ಬಿಟ್ಟೆ. ವಿಜಯಪುರ, ತಿಕೋಟಾ, ಬಬಲೇಶ್ವರ ಕಡೆಯವರು ಒಬ್ಬರಿಗೊಬ್ಬರು ಹೇಳಿ ಬಂದು ಸೇರಿಕೊಂಡರು. ಸುಮ್ಮನಿರಲಾರದೆ ನಾನು 'ಸಲಹೆ ಕಟ್ಟೆ' ಎಂಬ ಒಂದು ಗುಂಪನ್ನೂ ಫೋನಿನಲ್ಲಿ ತೆರೆದೆ. ಆಟ ಸುಧಾರಿಸಲು ನಿಮ್ಮ ಸಲಹೆ ಕೊಡಿ ಎಂದು ಕೈಮುಗಿದು ಬರೆದೆ. ನನ್ನ ನೆಮ್ಮದಿ ಹೋದದ್ದು ಆ ದಿನ.

ಸಲಹೆ ಕೊಡುವುದರಲ್ಲಿ ನಮ್ಮ ಜನ ಎಂದೂ ಹಿಂದೆ ಬಿದ್ದವರಲ್ಲ. ಅರಕೇರಿಯ ಒಬ್ಬನಿಗೆ ಬೆಂಕಿ ಉಗುಳುವ ಹಾವು ಬೇಕು. ಕಾಖಂಡಕಿಯವನಿಗೆ ಹಾರುವ ಟ್ರ್ಯಾಕ್ಟರ್ ಬೇಕು. ಇನ್ನೊಬ್ಬನಿಗೆ ಗೋಳಗುಮ್ಮಟದಲ್ಲಿ ಕೂಗಿದರೆ ಏಳು ಸಲ ಮರುದನಿ ಬರಬೇಕು. ಆರು ಸಲ ಬರುವ ಹಾಗೆ ಮಾಡಿದ್ದಕ್ಕೆ ನಾನು ಊರಿನ ಮರ್ಯಾದೆ ಕಳೆದೆ ಎಂದು ಬೈದ. ಮತ್ತೊಬ್ಬ ಬಬಲೇಶ್ವರದ ಬಸ್ಸು ವೇಳೆಗೆ ಸರಿಯಾಗಿ ಬರುವಂತೆ ಮಾಡಿ ಎಂದು ಬರೆದ. ಇವೆಲ್ಲ ಒಂದು ಸಲ ಬಂದು ಹೋಗುವ ಸಲಹೆಗಳು. ನಾಲ್ಕು ದಿನ ಉತ್ತರ ಕೊಡದಿದ್ದರೆ ಅವರೇ ಮರೆಯುತ್ತಿದ್ದರು.

ನೀಲವ್ವ ಮರೆಯುವವಳಲ್ಲ. ಮೊಣಕಾಲಿನ ಆಪರೇಷನ್ ಆಗಿ ಹಾಸಿಗೆಯಲ್ಲಿದ್ದಾಗ, ಅತ್ತೆಯ ಕೂಗಾಟ ತಡೆಯಲಾರದೆ ಕಸ್ತೂರಿ ತನ್ನ ಟ್ಯಾಬ್‌ನಲ್ಲಿ ಎರಿಭೂಮಿ ಹಾಕಿ ಕೊಟ್ಟಿದ್ದಳಂತೆ. ಕಾಲು ಗುಣವಾಗುವವರೆಗೆ ಸಾಕು ಎಂಬ ಲೆಕ್ಕ ಅವಳದು. ಕಾಲು ಗುಣವಾಯಿತು, ಟ್ಯಾಬ್ ವಾಪಸ್ ಬರಲಿಲ್ಲ. ಬರೆಯುವುದು ತಡವಾಗುತ್ತದೆ ಎಂದು ನೀಲವ್ವ ಎಲ್ಲವನ್ನೂ ಧ್ವನಿಯಲ್ಲೇ ಕಳಿಸುತ್ತಿದ್ದಳು. ರೊಟ್ಟಿ ಬಡಿಯುವ ಸಪ್ಪಳ ಇಲ್ಲ. ಕೋಳಿಗಳು ಸಂಜೆಯಾದರೂ ಗೂಡಿಗೆ ಬರುವುದಿಲ್ಲ. ಬಾವಿಯಿಂದ ಎಷ್ಟು ಕೊಡ ಎತ್ತಿದರೂ ನೀರು ಇಳಿಯುವುದಿಲ್ಲ, ಇದು ಯಾವ ಊರ ಬಾವಿ? ನಾನು ಒಂದೊಂದನ್ನೇ ತಿದ್ದಿ, ಸಲಹೆಯ ಕೆಳಗೆ 'ಆಗಿದೆ' ಎಂದು ಬರೆಯುತ್ತಿದ್ದೆ. ಅದನ್ನು ಬರೆದು ಒಂದು ಗುಟುಕು ಚಹಾ ಕುಡಿಯುವಷ್ಟರಲ್ಲಿ ಫೋನು ಅರಚುತ್ತಿತ್ತು. "ಆಗಿಲ್ಲೋ ಯಪ್ಪಾ! ಎಲ್ಲಿ ಆಗೇತಿ? ಕೋಳಿ ಗೂಡಿಗೆ ಬರ್ತಾವು ಖರೆ, ಹುಂಜ ಹೊರಗ ಉಳಿದೈತಲ್ಲೋ!"

'ಆಗಿಲ್ಲೋ ಯಪ್ಪಾ' ಎಂಬುದು ಆಕೆಯ ಪಲ್ಲವಿ. ಒಂದೇ ಒಂದು ಸಲವಾದರೂ ಚಲೋ ಆತು ಎಂದು ಆ ಬಾಯಿಂದ ಬರಲಿ ಎಂದು ನಾನು ಆಸೆಪಟ್ಟದ್ದುಂಟು. ಬರಲಿಲ್ಲ.

ಆದರೆ ಇವೆಲ್ಲ ಸಣ್ಣಪುಟ್ಟ ಜಗಳಗಳು. ನಿಜವಾದ ಜಗಳ ಗಿರಣಿಯದು. ಎರಿಭೂಮಿಯಲ್ಲಿ ನಾನೊಂದು ಗಿರಣಿ ಇಟ್ಟಿದ್ದೆ. ಜೋಳ ಹಾಕಿದರೆ ಆ ಕ್ಷಣದಲ್ಲೇ ಹಿಟ್ಟು ಕೈಗೆ ಬರುತ್ತಿತ್ತು. ಇದನ್ನು ಕಂಡ ದಿನ ನೀಲವ್ವ ಸಂದೇಶ ಕಳಿಸಲಿಲ್ಲ, ಫೋನೇ ಮಾಡಿದಳು.

"ಇದೆಂಥಾ ಗಿರಣಿನೋ? ಹಾಕೂದ್ರಾಗ ಬಂದ್ಬಿಡ್ತೈತಿ! ಪಾಳಿ ಎಲ್ಲಿ?"

"ಆಟದಾಗ ಪಾಳಿ ಯಾಕ ಬೇ? ಮಂದಿಗೆ ಕಾಯೂದು ಬ್ಯಾಸರ ಬರ್ತೈತಿ."

"ಬರ್ಲಿ! ಬ್ಯಾಸರ ಬಂದ್ರನ ಬಾಜೂದವರ ಕೂಡ ಮಾತಾಡ್ತಾರು. ನಿನ್ನ ಆಟದಾಗ ಎಲ್ಲಾರೂ ಬರ್ತಾರು, ಅಗೀತಾರು, ಹೋಗ್ತಾರು. ಒಬ್ಬರ ಮಾರಿ ಒಬ್ಬರು ನೋಡಂಗಿಲ್ಲ. ಹಿಟ್ಟು ಬೀಸಾಕ ಹೊತ್ತು ಹಿಡೀಬೇಕು, ಪಾಳಿ ಹಚ್ಚಬೇಕು."

ನಾನು ಆಗಲ್ಲ ಎಂದೆ. ಕಾಯಿಸಿದರೆ ಆಡುವವರು ಓಡಿಹೋಗುತ್ತಾರೆ ಎಂಬುದು ಆಟ ಮಾಡುವವರಿಗೆಲ್ಲ ಗೊತ್ತಿರುವ ಮಾತು. ಅದನ್ನು ತಿಳಿಸಿ ಹೇಳಿದೆ, ಗೋಗರೆದೆ, ಕೊನೆಗೆ ಸಿಟ್ಟು ಮಾಡಿದೆ. ಆಕೆ ದಿನಾ ಬೆಳಿಗ್ಗೆ ನನ್ನ ಮೊದಲ ತರಗತಿಗೆ ಮುಂಚೆ ಒಂದೇ ಸಂದೇಶ ಕಳಿಸತೊಡಗಿದಳು: "ಪಾಳಿ ಏನಾತು?"

ಮುಖಾಮುಖಿ ಮಾತಾಡಿ ಇದಕ್ಕೊಂದು ಗತಿ ಕಾಣಿಸಬೇಕೆಂದು ಒಂದು ಭಾನುವಾರ ತಿಕೋಟಾ ಬಸ್ಸು ಹತ್ತಿದೆ. ಗಿರಣಿ ಹುಡುಕುವುದು ಕಷ್ಟವಾಗಲಿಲ್ಲ, ಬಸ್ ಸ್ಟ್ಯಾಂಡಿನಿಂದಲೇ ದನಿ ಕೇಳುತ್ತಿತ್ತು. ಹುಬ್ಬಿಗೆಲ್ಲ ಹಿಟ್ಟು ಹತ್ತಿದ, ಹಸಿರು ಇಳಕಲ್ ಸೀರೆಯ ಒಂದು ಗುಂಡು ಹೆಂಗಸು, ಆಪರೇಷನ್ ಆದ ಕಾಲನ್ನು ಎದುರಿನ ಸ್ಟೂಲಿನ ಮೇಲೆ ಚಾಚಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು. ತೊಡೆಯ ಮೇಲೆ ಟ್ಯಾಬ್. ಅದರ ಮೇಲೂ ಹಿಟ್ಟು. ನನ್ನ ಹೆಸರು ಹೇಳಿದ ಕೂಡಲೇ ನೆರೆದವರಿಗೆಲ್ಲ, "ನೋಡ್ರಿ, ಹುಚ್ಚೆಮ್ಮಿ ಮಾಲಕ ಬಂದಾನ!" ಎಂದು ಪರಿಚಯ ಮಾಡಿಕೊಟ್ಟಳು.

ಬಾಗಿಲಿನಿಂದ ಗಿರಣಿಯ ಬಾಯಿಯವರೆಗೆ ಡಬ್ಬಿಗಳ ಸಾಲು. ಎಣ್ಣೆಯ ಹಳೇ ಡಬ್ಬಿ, ಸ್ಟೀಲ್ ಡಬ್ಬಿ, ಮುಚ್ಚಳ ಒಡೆದ ಬಣ್ಣದ ಬಕೆಟ್. ಜನಕ್ಕಿಂತ ಡಬ್ಬಿಗಳೇ ಹೆಚ್ಚು. ಡಬ್ಬಿ ಇಟ್ಟರೆ ಪಾಳಿ ಹಿಡಿದ ಹಾಗೆ, ಒಡೆಯರು ಸಂತೆಗೋ ದವಾಖಾನೆಗೋ ಹೋಗಿ ಬರಬಹುದು. ಮುಂದಿನದು ಸರಿದಂತೆ ಹಿಂದಿನವರು ತಮ್ಮದರ ಜೊತೆ ಇಲ್ಲದವರ ಡಬ್ಬಿಯನ್ನೂ ಕಾಲಿನಿಂದ ಮೆಲ್ಲಗೆ ಮುಂದೆ ನೂಕುತ್ತಿದ್ದರು. ನಾನು ನೋಡುತ್ತಿದ್ದ ಹಾಗೆ ಒಂದು ಎಣ್ಣೆಡಬ್ಬಿಯ ಪಾಳಿ ಬಂತು, ಅದರವರು ಇರಲಿಲ್ಲ. ಹಿಂದೆ ನಿಂತಿದ್ದ ಹೆಂಗಸು ಯಾರನ್ನೂ ಕೇಳದೆ ಅದನ್ನೆತ್ತಿ ಜೋಳ ಸುರಿದು, ಹಿಟ್ಟು ತುಂಬಿ, ಮುಚ್ಚಳ ಹಾಕಿ ಗೋಡೆಗೆ ಒರಗಿಸಿ, ಆಮೇಲೆ ತನ್ನದನ್ನು ಹಾಕಿದಳು.

ನನಗೆ ಚಹಾ ಮತ್ತು ಚೂಡಾ ಬಂತು. ಚೂಡಾದ ಮೇಲೂ ತೆಳ್ಳಗೆ ಹಿಟ್ಟಿತ್ತು. ನಾನು ತಯಾರಿ ಮಾಡಿಕೊಂಡು ಬಂದಿದ್ದ ಮಾತೆಲ್ಲ ಹೇಳಿದೆ. ಆಕೆ ಕೇಳಿದಳೋ ಇಲ್ಲವೋ, ಸಾಲಿನ ಮೇಲಿಂದ ಕಣ್ಣು ತೆಗೆಯಲಿಲ್ಲ. ಆಮೇಲೆ ಹೇಳಿದಳು, ಆಕೆಗೆ ಸಾಧ್ಯವಾಗುವಷ್ಟು ತಗ್ಗಿದ ದನಿಯಲ್ಲಿ, ಅಂದರೆ ರಸ್ತೆಯಾಚೆಗೆ ಮಾತ್ರ ಕೇಳಿಸುವಂತೆ: "ಮಗ ಇದನ್ನ ತೆಗೀತಾನಂತ. ಮೊಬೈಲ್ ಅಂಗಡಿ ಹಾಕ್ತಾನಂತ. ಅವಂದೇನು ತಪ್ಪಿಲ್ಲ ಬಿಡು. ಮನಿಮನಿಗೆ ಸಣ್ಣ ಗಿರಣಿ ಬಂದಾವು, ಪಾಕೀಟಿನಾಗ ಹಿಟ್ಟು ಬಂದೈತಿ. ಗಿರಣಿ ಹೋದ್ರ ಹೋಗ್ಲೋ, ಕಬ್ಬಿಣ ಅದು. ಪಾಳಿ ಹೋಗಬಾರ್ದು. ಪಾಳಿ ಹೋದ್ರ ಈ ಮಂದಿ ಎಲ್ಲಿ ಕೂಡ್ತಾರು? ನಾ ಎಲ್ಲಿ ಕೂಡ್ಲಿ? ಅದಕ್ಕ ನಿನಗ ಹೇಳಾಕತ್ತೇನಿ. ನಿನ್ನ ಆಟದಾಗರ ಒಂದು ಪಾಳಿ ಇರ್ಲಿ."

ಜಗಳವಾಡಿ ಮುಗಿಸಲು ಬಂದವನು ನಾನು. ಹೂಂ ಎಂದು ಹೇಳಿ, ಕೈಗೆ ಕೊಟ್ಟ ಜೋಳದ ಹಿಟ್ಟಿನ ಗಂಟು ಹಿಡಿದುಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತಿತ್ತು.

ಬೈದುಕೊಳ್ಳುತ್ತಲೇ ಕೂತು ಬರೆದೆ. ಗಿರಣಿ ನಿಧಾನವಾಯಿತು. ಅದರ ಮುಂದೆ ಹಾಸುಗಲ್ಲಿನ ಸಾಲು ಬಂತು. ಆಡುವವರು ತಮ್ಮ ಡಬ್ಬಿಯನ್ನು ಕಲ್ಲಿನ ಮೇಲಿಟ್ಟು ಪಾಳಿ ಹಿಡಿಯಬೇಕು, ಸಾಲು ತಾನಾಗಿ ಮುಂದೆ ಸರಿಯುತ್ತದೆ, ಪಾಳಿ ಬಂದಾಗ ತಾವೇ ಬಂದು ಸುರಿಯಬೇಕು. ನಾನಂದುಕೊಂಡಂತೆಯೇ ಸಲಹೆ ಕಟ್ಟೆಯಲ್ಲಿ ಬೈಗುಳದ ಮಳೆಯಾಯಿತು. ಕೆಲವರು ಬಿಟ್ಟೂ ಹೋದರು. ಅದರಲ್ಲಿ ನನ್ನ ಹಾರುವ ಟ್ರ್ಯಾಕ್ಟರಿನವನೂ ಇದ್ದ, ಅಷ್ಟರಮಟ್ಟಿಗೆ ಲಾಭ. ಉಳಿದವರು ಕಾಯುತ್ತ ನಿಂತರು. ನಿಂತವರು ಮಾತಿಗೆ ಶುರುವಿಟ್ಟರು. ನಿಮ್ಮ ಕಡೆ ಮಳಿ ಹೆಂಗ, ಒಣದ್ರಾಕ್ಷಿ ಎಷ್ಟಕ್ಕ ಹೋತು, ತಂಗಿಗೆ ಗಂಡು ಗೊತ್ತಾತೇನು. ಎಲ್ಲರ ನಡುವೆ ಹಸಿರು ಅಂಗಿಯ ನೀಲವ್ವನ ಚೌಕ ಗೊಂಬೆ ಕೂತಿರುತ್ತಿತ್ತು. ತಿಕೋಟಾದ ಗಿರಣಿಯನ್ನು ಮಗ ಕಿತ್ತು ಮಾರಿದ ಮೇಲಂತೂ ಆಕೆ ದಿನವಿಡೀ ಅಲ್ಲೇ. ತನ್ನ ಡಬ್ಬಿ ಮುಂದಕ್ಕೆ ಬರುತ್ತಿದ್ದ ಹಾಗೆ, "ನೀವು ಹಾಕ್ರಿ, ನನಗೇನು ಅವಸರ ಐತಿ" ಎಂದು ಅದನ್ನು ಒಯ್ದು ಸಾಲಿನ ಕೊನೆಗೆ ಇಡುತ್ತಿದ್ದಳು. ದೊಡ್ಡಸ್ತಿಕೆ ತೋರಿಸುತ್ತಾಳೆ ಎಂದು ನನಗೆ ಅದೂ ಒಂದು ಕಿರಿಕಿರಿ.

ಹೋಗಲಿ, ಪಾಳಿ ಬಂದ ಮೇಲಾದರೂ ಸುಮ್ಮನಾದಳೇ? ಒಡೆಯರು ಬಹಳ ಹೊತ್ತು ಬಾರದಿದ್ದರೆ ಡಬ್ಬಿ ತಾನಾಗಿ ಮಾಯವಾಗಲಿ ಎಂದು ನಾನು ಬರೆದಿದ್ದೆ. "ಆಗಿಲ್ಲೋ ಯಪ್ಪಾ! ಡಬ್ಬಿ ಇಟ್ಟಾರಂದ್ರ ಬಂದ ಬರ್ತಾರು. ತೆಗ್ಯಾಕ ನೀ ಯಾರು?" ಸರಿ, ಮಾಯವಾಗದಂತೆ ಮಾಡಿದೆ. ಆಮೇಲೆ 'ಮಮದಾಪುರ ಹುಲಿ' ಎಂಬ ಹೆಸರಿನಲ್ಲಿ ಆಡುವ ಒಬ್ಬ ಮಹಾಶಯ ನೀಲವ್ವನ ಡಬ್ಬಿಯನ್ನು ಹಿಂದೆ ಸರಿಸಿ ತನ್ನದನ್ನು ಮುಂದೆ ಇಟ್ಟ. ಆತ ಬಬಲೇಶ್ವರದ ಯಾವುದೋ ಕಚೇರಿಯಲ್ಲಿ ಗುಮಾಸ್ತನಂತೆ, ಊಟದ ಬಿಡುವಿನಲ್ಲಿ ಮಾತ್ರ ಆಡುವ ಅವಸರದ ಮನುಷ್ಯ. ಇಬ್ಬರ ಜಗಳ ವಾರಗಟ್ಟಲೆ ನಡೆದು, ಆಕೆ ಅವನನ್ನು ಬೆಕ್ಕು ಎಂದು ಕರೆಯತೊಡಗಿ, ಎರಡೂ ಕಡೆಯ ದೂರುಗಳು ನನಗೇ ಬಂದವು. ಡಬ್ಬಿಗೊಂದು ಕೀಲಿ ಇಲ್ಲವೇ ಎಂದು ಆಕೆ ದಿನಾ ಒದರಿದಳು. ರೋಸಿಹೋಗಿ ಪ್ರತಿ ಡಬ್ಬಿಗೂ ಕೀಲಿ ಹಾಕಿಬಿಟ್ಟೆ. ಒಡೆಯರ ಹೊರತು ಯಾರೂ ಅದನ್ನು ತೆರೆಯುವಂತಿಲ್ಲ, ಒಡೆಯುವಂತಿಲ್ಲ, ಸರಿಸುವಂತಿಲ್ಲ.

ಅಂದು ಸಂಜೆ ಮತ್ತೆ ಫೋನು. ಅದೇ ನಮ್ಮ ಕೊನೆಯ ಮಾತು ಎಂದು ನನಗೇನು ಗೊತ್ತು?

"ಇಷ್ಟು ಕೀಲಿ ಬ್ಯಾಡೋ. ಪಾಳಿ ಬಂದಾಗ ಮಾಲಕ ಇರ್ಲಿಲ್ಲಂದ್ರ ಹಿಂದಿನವರು ತೆರದು ಹಾಕಬೇಕು. ನೀ ನೋಡಿಯಲ್ಲ ನನ್ನ ಗಿರಣ್ಯಾಗ?"

"ಮೊದಲ ಕೀಲಿ ಇಲ್ಲಂತ ಒದರಿದಿ, ಈಗ ಕೀಲಿ ಬ್ಯಾಡಂತಿ! ಹಿಂದಿನವರಿಗೆ ತೆರ್ಯಾಕ ಬಿಟ್ರ ಜ್ವಾಳ ಕದೀತಾರು ಬೇ!"

"ಕದ್ರ ಕದೀಲಿ! ಒಂದು ಡಬ್ಬಿ ಜ್ವಾಳ! ಅದೂ ಜ್ವಾಳರ ಏನು, ಬಣ್ಣದ ತುಂಡು!"

"ಆ ಹುಲಿ ನಿನ್ನ ಹಿಂದನ ನಿಂದ್ರತಾನ. ಅವನ ಕೈಯಾಗ ಕೊಡ್ತಿಯೇನು ನಿನ್ನ ಡಬ್ಬಿ?"

"ಕೊಡ್ತೇನಿ. ಬೆಕ್ಕಾದ್ರೂ ಪಾಳ್ಯಾಗ ನಿಂತಾನಲ್ಲೋ," ಎಂದಳು. ನಾನು ಇದು ಆಗುವ ಮಾತಲ್ಲ ಎಂದು ಫೋನು ಇಟ್ಟೆ.

ದ್ರಾಕ್ಷಿ ಬಳ್ಳಿ ಕತ್ತರಿಸುವ ದಿನಗಳಲ್ಲಿ ಒಂದು ಮುಂಜಾನೆ ಆಕೆಯ ಸಂಖ್ಯೆಯಿಂದ ಅಕ್ಷರಗಳಲ್ಲಿ ಬರೆದ ಸಂದೇಶ ಬಂತು. ನೀಲವ್ವ ಎಂದೂ ಬರೆದವಳಲ್ಲ. ಕಸ್ತೂರಿ ಬರೆದಿದ್ದಳು. ಅತ್ತೆ ಮುಂಜಾನೆ ಚಹಾ ಕುಡಿದು ಕುರ್ಚಿಯಲ್ಲಿ ಕೂತವರು ಕೂತಲ್ಲೇ ಹೋದರು, ಗುಂಪಿನವರಿಗೆ ತಿಳಿಸಿರಿ ಎಂದು. ತಿಕೋಟಾಕ್ಕೆ ಹೋಗಿ ಮಣ್ಣಿಗೆ ನಿಂತು ಬಂದೆ. ಅಲ್ಲಿ ನೆರೆದವರಲ್ಲಿ ಅರ್ಧ ಮಂದಿ ಡಬ್ಬಿ ಸಾಲಿನ ಮುಖಗಳೇ. ಯಾರ ದನಿಯೂ ದೊಡ್ಡದಿರಲಿಲ್ಲ, ಅದೇ ನನಗೆ ತಡೆಯಲಾಗದ್ದು.

ಮೂರನೆಯ ದಿನವೋ ಏನೋ, ಸಲಹೆ ಕಟ್ಟೆಯಲ್ಲಿ ಗದ್ದಲ ಶುರುವಾಯಿತು. ಗಿರಣಿ ನಿಂತಿದೆ. ಸಾಲಿನ ಎಲ್ಲಕ್ಕೂ ಮುಂದೆ ನೀಲವ್ವನ ಡಬ್ಬಿ ಬಂದು ಕೂತಿದೆ. ಅದು ಮಾಯವಾಗುವುದಿಲ್ಲ, ಮುರಿಯುವುದಿಲ್ಲ, ಸರಿಯುವುದಿಲ್ಲ, ತೆರೆಯುವುದಿಲ್ಲ. ಎಲ್ಲ ಆಕೆಯ ಸಲಹೆ, ನನ್ನ ಕೈಗೆಲಸ. ಹಿಂದೆ ಊರೂರಿನವರ ಡಬ್ಬಿಗಳು ಕಾಯುತ್ತಿವೆ. ಹೋಗುವಾಗಲೂ ನನಗೊಂದು ಕೆಲಸ ಹಚ್ಚಿಯೇ ಹೋದಳಲ್ಲ ಎಂದು ತಲೆ ಚಚ್ಚಿಕೊಂಡೆ. ಅಷ್ಟರಲ್ಲಿ ಮಮದಾಪುರ ಹುಲಿ ಬರೆದ: "ಸರ, ಅವರ ಹಿಂದ ನನ್ನ ಡಬ್ಬಿನ ಐತ್ರಿ. ಏನರ ಮಾಡ್ರಿ."

ಒಂದು ಸಾಲು ಬರೆದಿದ್ದರೆ ಆ ಡಬ್ಬಿ ಅಳಿಸಿಹೋಗುತ್ತಿತ್ತು. ಬೆರಳು ಕೀಲಿಮಣೆಯ ಮೇಲಿತ್ತು. 'ತೆಗ್ಯಾಕ ನೀ ಯಾರು' ಎಂಬುದು ಕಿವಿಯಲ್ಲಿ ಅಷ್ಟೇ ಜೋರಾಗಿ ಕೇಳಿತು. ಹಾಳಾಗಿ ಹೋಗಲಿ ಎಂದು, ಆಕೆ ಕೇಳಿ ನಾನು ಕೊಡದಿದ್ದ ಆ ಒಂದನ್ನು ಕೂತು ಬರೆದೆ. ಪಾಳಿ ಬಂದಾಗ ಒಡೆಯರು ಇಲ್ಲದಿದ್ದರೆ, ಹಿಂದೆ ನಿಂತವರು ಡಬ್ಬಿ ತೆರೆದು ಬೀಸಿ, ಅದನ್ನೆತ್ತಿ ಬೇರೆ ಕಡೆ ಇಡಬಹುದು. ಹುಲಿಗೆ ತಿಳಿಸಿ, ಆಟದೊಳಗೆ ಹೋಗಿ ಗಿರಣಿಯ ಪಕ್ಕ ನಿಂತೆ. ಇನ್ನೂ ಹಲವರು ಬಂದು ನಿಂತಿದ್ದರು.

ಹುಲಿಯ ಗೊಂಬೆ ಮುಂದೆ ಬಂದು ಡಬ್ಬಿ ತೆರೆಯಿತು. ಆಮೇಲೆ ಪರದೆಯ ಮೇಲೆ ಅವನ ಮಾತು ಮೂಡಿತು.

"ಸರ, ಡಬ್ಬಿ ಖಾಲಿ ಐತ್ರಿ."

ನಾನೂ ತೆರೆದು ನೋಡಿದೆ. ಒಂದು ಕಾಳಿಲ್ಲ. ಡಬ್ಬಿಯ ಹಿಂದಿನ ಲೆಕ್ಕವನ್ನೂ ತೆಗೆದು ನೋಡಿದೆ. ಅದರಲ್ಲಿ ಯಾವತ್ತೂ ಏನೂ ಬಿದ್ದಿರಲೇ ಇಲ್ಲ. ಇಷ್ಟು ದಿನ ಕೀಲಿಗಾಗಿ, ಜಾಗಕ್ಕಾಗಿ, ಹಿಂದು ಮುಂದಿಗಾಗಿ ನನ್ನ ಪ್ರಾಣ ತಿಂದು, ಆ ಮನುಷ್ಯನ ಜೊತೆ ಊರೆಲ್ಲ ಕೇಳುವಂತೆ ಜಗಳ ಮಾಡಿ, ಈ ಹೆಂಗಸು ಖಾಲಿ ಡಬ್ಬಿ ಇಟ್ಟುಕೊಂಡು ಕೂತಿದ್ದಳು! ನನಗೆ ಎಂಥ ಸಿಟ್ಟು ಬಂತೆಂದರೆ ಕಣ್ಣಲ್ಲಿ ನೀರು ಬಂತು. ಆಕೆಗೆ ಬೀಸಿಕೊಳ್ಳುವುದು ಏನೂ ಇರಲಿಲ್ಲ. ಪಾಳಿಯಲ್ಲಿ ಕೂಡುವುದಷ್ಟೇ ಬೇಕಾಗಿತ್ತು.

"ಅಳಿಸಿಬಿಡ್ತೇನಿ, ನಿಮ್ಮದು ಹಾಕ್ಕೋರಿ," ಎಂದು ಬರೆದೆ.

"ತಡೀರಿ ಸರ. ಮಂದಿ ಡಬ್ಬಿ ಖಾಲಿ ಹೆಂಗ ಹೊಳ್ಳಿ ಕೊಡೂದು?" ಎಂದ ಹುಲಿ. ತನ್ನ ಡಬ್ಬಿಯಿಂದ ಜೋಳ ತೆಗೆದು ಗಿರಣಿಗೆ ಸುರಿದ. ಅದು ನಿಧಾನವಾಗಿ ಬೀಸಿತು, ನೀಲವ್ವ ಹೇಳಿದಷ್ಟೇ ನಿಧಾನ. ಎಲ್ಲರೂ ಕಾದರು. ಹಿಟ್ಟನ್ನು ಆಕೆಯ ಡಬ್ಬಿಗೆ ತುಂಬಿ, ಮುಚ್ಚಳ ಹಾಕಿ, ಒಯ್ದು ಸಾಲಿನ ಕೊನೆಯ ಕಲ್ಲಿನ ಮೇಲೆ ಇಟ್ಟ. ಆಮೇಲೆ ವಾಪಸು ಬಂದು, ಉಳಿದ ತನ್ನ ಜೋಳ ಹಾಕಿದ.

ನಾನು ಸಲಹೆ ಕಟ್ಟೆ ತೆರೆದು, ಆಕೆಯ ಕೊನೆಯ ಸಲಹೆಯ ಕೆಳಗೆ 'ಆಗಿದೆ' ಎಂದು ಬರೆದೆ. ಬರೆದು, ರೂಢಿಯಂತೆ ತೋಳು ಪೂರ್ತಿ ಚಾಚಿ, ಮುಖ ಆಚೆ ತಿರುಗಿಸಿ, ಫೋನನ್ನು ದೂರ ಹಿಡಿದು ಕೂತೆ.